ನಮ್ಮ ಗ್ರಂಥಾಲಯದ ಪುಸ್ತಕಪಟ್ಟಿ: ಫಂಕ್ಷನ್‌ಗಳ ಕೆಲಸ ಎಲ್ಲಿಗೆ ಬಂತು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರ ಗ್ರಂಥಾಲಯಕ್ಕೆ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಸ್ತಕಪಟ್ಟಿ ಮಾಡುತ್ತಿದ್ದೇನೆ. ಪುಸ್ತಕ ಸೇರಿಸುವ ಪುಟ, ಹುಡುಕುವ ಪುಟ ಎರಡೂ ಓಡುತ್ತಿವೆ. ಈಗ ಫಂಕ್ಷನ್‌ಗಳ ಸರದಿ, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಣುಕುಗಳ ಸರದಿ.

ಪಿಎಚ್‌ಪಿಯಲ್ಲಿ ಫಂಕ್ಷನ್‌ಗೆ ಕನ್ನಡದಲ್ಲೇ ಹೆಸರಿಡಬಹುದು. ಹಾಗಾಗಿ ಪುಸ್ತಕದ ಹೆಸರಿನ ಮೊದಲ ಅಕ್ಷರ ಕೊಡುವ ಮೊದಲನೆಯ ಫಂಕ್ಷನ್‌ಗೆ ‘ಮೊದಲಕ್ಷರ’ ಅಂತಲೇ ಇಟ್ಟೆ. ಕೋಡ್ ಓದಲು ಎಷ್ಟು ಹಾಯಾಗಿದೆ!

ಒಳಗಿನ ಕೆಲಸಕ್ಕೆ ಮಾತ್ರ ಸ್ವಲ್ಪ ಯೋಚನೆ ಬೇಕಾಯಿತು. ‘ಕಾಸರಗೋಡು’ ಎಷ್ಟು ಉದ್ದ? ಉದ್ದ ಎಣಿಸುವ ಪಿಎಚ್‌ಪಿಯ ಫಂಕ್ಷನ್‌ಗಳಲ್ಲಿ ಸ್ಟರ್‌ಲೆನ್ 24 ಅನ್ನುತ್ತದೆ, ಎಂಬಿ_ಸ್ಟರ್‌ಲೆನ್ 8, ಗ್ರಾಫೀಮ್_ಸ್ಟರ್‌ಲೆನ್ 5. ಮೂರೂ ಸರಿಯೇ. ಮೊದಲನೆಯದು ಬೈಟ್ ಎಣಿಸುತ್ತದೆ. ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಎರಡನೆಯದಕ್ಕೆ ಅಕ್ಷರ ಬೇರೆ, ಅದರ ಕೊಂಬು, ಇಳಿ ಬೇರೆ. ಈ ಪದದ ಮಟ್ಟಿಗೆ ಮೂರನೆಯದು ನಾವು ಎಣಿಸುವ ಹಾಗೆಯೇ: ಕಾ, ಸ, ರ, ಗೋ, ಡು.

ಹಾಗಾದರೆ ಮೂರನೆಯದೇ ಒಳ್ಳೆಯದು, ಅಲ್ವಾ? ಅಕಾರಾದಿ ಪಟ್ಟಿಗೆ ಅಲ್ಲ. ಅಲ್ಲಿ ಕಾ, ಕಿ, ಕೋ ಎಲ್ಲವೂ ‘ಕ’ದ ಕೆಳಗೇ ಬರಬೇಕು. ಅದಕ್ಕೇ ‘ಮೊದಲಕ್ಷರ’ದೊಳಗೆ ಎರಡನೆಯದರ ಲೆಕ್ಕದಲ್ಲೇ ತುಂಡು ತೆಗೆಯುವ ಎಂಬಿ_ಸಬ್‌ಸ್ಟರ್ ಹಾಕಿದೆ. ಉದ್ದ ಹೆಸರನ್ನು ಕಾರ್ಡಿನ ಅಳತೆಗೆ ತುಂಡು ಮಾಡುವ ಫಂಕ್ಷನ್‌ಗೆ ಮೂರನೆಯದರ ಲೆಕ್ಕದ ಗ್ರಾಫೀಮ್_ಸಬ್‌ಸ್ಟರ್ ಬೇಕು. ‘ಗೋ’ ಮಧ್ಯದಲ್ಲಿ ತುಂಡಾಗಿ ‘ಗ’ ಉಳಿದರೆ ಓದುವವರಿಗೆ ಗೊಂದಲ. ಗ್ರಾಫೀಮ್ ಫಂಕ್ಷನ್‌ಗಳು ಇಂಟ್ಲ್ ಅನ್ನುವ ಎಕ್ಸ್‌ಟೆನ್ಶನ್‌ನಲ್ಲಿ, ಅಂದರೆ ಪಿಎಚ್‌ಪಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗದಲ್ಲಿ ಇವೆ. ಅದು ಸರ್ವರ್‌ನಲ್ಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಕಾಸರಗೋಡಿನ ಕಪಾಟಿನಲ್ಲಿ ಕನ್ನಡ, ತುಳು, ಮಲಯಾಳ ಒಟ್ಟೊಟ್ಟಿಗೆ ಇರುತ್ತವೆ. ‘ಲಿಪಿ’ ಅನ್ನುವ ಫಂಕ್ಷನ್ ಪುಸ್ತಕದ ಹೆಸರು ನೋಡಿ ಕನ್ನಡವೋ ಮಲಯಾಳವೋ ಹೇಳುತ್ತದೆ. ಮಾದರಿ ಕೊಟ್ಟರೆ ಪಠ್ಯದಲ್ಲಿ ಹುಡುಕುವ ಪ್ರೆಗ್_ಮ್ಯಾಚ್‌ಗೆ ಯುನಿಕೋಡ್ ಲಿಪಿಗಳ ಹೆಸರು ಗೊತ್ತಿರುವುದರಿಂದ ಕೆಲವೇ ಸಾಲಲ್ಲಿ ಮುಗಿಯಿತು. ಆದರೆ ತುಳು ಪುಸ್ತಕಗಳು ಬಹುತೇಕ ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತವೆ. ಲಿಪಿ ನೋಡಿ ಭಾಷೆ ಊಹಿಸಿದರೆ ತುಳು ಅಷ್ಟೂ ಕನ್ನಡದ ರಾಶಿಯಲ್ಲಿ ಕಾಣೆಯಾಗುತ್ತದೆ. ಅದು ಆಗಲೇಬಾರದು. ಭಾಷೆಯನ್ನು ಪುಸ್ತಕ ಸೇರಿಸುವವರೇ ಆರಿಸಲಿ ಅಂತ ಬೇರೆ ಕಾಲಂ ಇಟ್ಟಿದ್ದೇನೆ.

‘ಗಡುವು’ ಚಿಕ್ಕದು. ಪುಸ್ತಕ ಕೊಟ್ಟ ದಿನ ಹಾಕಿದರೆ ವಾಪಸು ತರಬೇಕಾದ ದಿನ ಬರುತ್ತದೆ. ಸುಮ್ನೆ ಬಿಟ್ಟರೆ 14 ದಿನ. ಜಾಸ್ತಿ ಬೇಕಾದರೆ ಎರಡನೇ ಆರ್ಗ್ಯುಮೆಂಟ್ ಆಗಿ ದಿನಗಳ ಸಂಖ್ಯೆ ಕೊಡಬಹುದು. ಹೊರಗಿನ ವೇರಿಯಬಲ್‌ಗಳು (ಮಾಹಿತಿ ಹಿಡಿದಿಡುವ ಹೆಸರುಗಳು) ಫಂಕ್ಷನ್ ಒಳಗೆ ತಾವಾಗಿ ಕಾಣುವುದಿಲ್ಲ, ಬೇಕಾದ್ದನ್ನು ನಾವೇ ಕೊಡಬೇಕು. ನನಗೆ ಅದು ಇಷ್ಟ. ಮೊದಲ ಸಾಲು ನೋಡಿದರೆ ಸಾಕು, ಯಾವುದರ ಮೇಲೆ ಲೆಕ್ಕ ನಡೆಯುತ್ತದೆ ಅಂತ ತಿಳಿಯುತ್ತದೆ.

ಮುಂದಿನದು ‘ಜೋಡಿಸು’. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಇಂಟ್ಲ್‌ನ ಕೊಲೇಟರ್‌ಗೆ ಕನ್ನಡದ ಕ್ರಮ ಗೊತ್ತು. ಅನುಸ್ವಾರ ಇರುವ ಹೆಸರುಗಳನ್ನು ಕೊಟ್ಟು ಮೊದಲು ಅದನ್ನೇ ಪರೀಕ್ಷಿಸುತ್ತೇನೆ.