ಪ್ರಿಂಟರಿನ ಗಡಿಯಾರ ಕೈಕೊಟ್ಟಾಗ

ಮಂಗಳೂರಿನ ಹಂಪನಕಟ್ಟೆಯ ಒಂದು ಕಚೇರಿಯಿಂದ ಮಳೆಗಾಲದಲ್ಲಿ ಬರುವ ದೂರು ಹೆಚ್ಚುಕಡಿಮೆ ಒಂದೇ: "ರಾತ್ರಿ ಕರೆಂಟ್ ಹೋಗಿತ್ತು, ಈಗ ಪ್ರಿಂಟರ್ ನೆಟ್‌ವರ್ಕಿಗೆ ಸೇರುತ್ತಿಲ್ಲ ಮಾರಾಯರೇ. ಕೇಬಲ್ ಸರಿಯೇ ಉಂಟು." ಕೇಬಲ್ ನಿಜಕ್ಕೂ ಸರಿಯಿರುತ್ತದೆ, ಹಸಿರು ದೀಪವೂ ಉರಿಯುತ್ತಿರುತ್ತದೆ. ಐಪಿ ವಿಳಾಸ ಮಾತ್ರ 169.254 ಎಂದು ಶುರುವಾಗುತ್ತದೆ, ಅಂದರೆ ನೆಟ್‌ವರ್ಕಿನಿಂದ ವಿಳಾಸ ಸಿಗದೆ ಪ್ರಿಂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ ಅದನ್ನು ಬಾಗಿಲಲ್ಲೇ ತಡೆದಿದೆ.

ಅಲ್ಲಿ 802.1ಎಕ್ಸ್ ಜಾರಿಯಲ್ಲಿದೆ, ಅಂದರೆ ಗುರುತು ಸಾಬೀತು ಮಾಡಿದ ಸಾಧನವನ್ನು ಮಾತ್ರ ನೆಟ್‌ವರ್ಕಿಗೆ ಬಿಡುವ ವ್ಯವಸ್ಥೆ. ಪ್ರಿಂಟರಿನ ಪ್ರಮಾಣಪತ್ರವನ್ನು (ಅವಧಿಯಿರುವ ಡಿಜಿಟಲ್ ಗುರುತಿನ ಚೀಟಿ) ಗುರುತು ಪರಿಶೀಲಿಸುವ ರೇಡಿಯಸ್ ಸರ್ವರ್ ಒಪ್ಪಬೇಕು. ಸರ್ವರಿನದನ್ನು ಪ್ರಿಂಟರೂ ಪರಿಶೀಲಿಸುತ್ತದೆ. ತೊಡಕು ಇರುವುದು ಇಲ್ಲೇ. ಒಳಗಿನ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋದಾಗ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಜಿಗಿಯುತ್ತದೆ. ಆ ದಿನಾಂಕಕ್ಕೆ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ! ಪ್ರಿಂಟರೇ ಅದನ್ನು ತಿರಸ್ಕರಿಸುತ್ತದೆ. ಸಮಯ ಸರಿಯಾಗಲು ಎನ್‌ಟಿಪಿ (ನೆಟ್‌ವರ್ಕಿನ ಮೂಲಕ ಗಡಿಯಾರ ಹೊಂದಿಸುವ ವಿಧಾನ) ಬೇಕು, ಎನ್‌ಟಿಪಿಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಸರಿಯಾದ ಸಮಯ ಬೇಕು.

ಹಾಗಾಗಿ ನಾನು ಮೊದಲು ಪ್ಯಾನೆಲ್‌ನಲ್ಲಿ ದಿನಾಂಕ ನೋಡಿ ಕೈಯಾರೆ ತಿದ್ದುತ್ತೇನೆ. ಅದು ಸರಿಯಿದ್ದರೆ ಮಾತ್ರ ರೇಡಿಯಸ್ ಲಾಗ್, ಅಂದರೆ ಸರ್ವರಿನ ದಾಖಲೆ ನೋಡುತ್ತೇನೆ: ಪ್ರಮಾಣಪತ್ರದ ಅವಧಿ ಮುಗಿದಿದೆಯೋ, ಸರ್ವರಿಗೆ ಹೊಸದನ್ನು ಹಾಕಿದವರು ಅದನ್ನು ನಂಬಲು ಬೇಕಾದ ಮೂಲ ಪ್ರಮಾಣಪತ್ರವನ್ನು ಪ್ರಿಂಟರಿಗೆ ಸೇರಿಸಿಲ್ಲವೋ. ಲಾಗಿನಲ್ಲಿ ಪ್ರಿಂಟರಿನ ಸುಳಿವೇ ಇಲ್ಲದಿದ್ದರೆ, ಸ್ವಿಚ್ಚಿನ ಕೋರಿಕೆ ಸರ್ವರಿನ ಯುಡಿಪಿ 1812ಕ್ಕೆ (ರೇಡಿಯಸ್ ಬಳಸುವ ಪೋರ್ಟ್ ಸಂಖ್ಯೆ) ತಲುಪುತ್ತಿದೆಯೇ ನೋಡಬೇಕು.

"ಸ್ವಿಚ್ಚಿನಲ್ಲಿ ಪ್ರಿಂಟರ್ ಸೇರಿಸುವ ಪೋರ್ಟಿಗೆ ದೃಢೀಕರಣವನ್ನೇ ತೆಗೆದುಬಿಡಿ" ಎನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಮ್ಯಾಕ್ ವಿಳಾಸ (ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) ನೋಡಿ ಒಳಬಿಡುವುದೂ ಅಷ್ಟಕ್ಕಷ್ಟೇ. ಎಷ್ಟೋ ಪ್ರಿಂಟರುಗಳಲ್ಲಿ ಅದು ಹಿಂಬದಿಯ ಚೀಟಿಯಲ್ಲೇ ಇರುತ್ತದೆ, ನೋಡಿದವರು ನಕಲು ಮಾಡಬಹುದು. ಬ್ಯಾಟರಿ ಬದಲಿಸಲು ಆ ಕಚೇರಿಯವರು ಈಗ ಒಪ್ಪಿದ್ದಾರೆ, ಸರ್ವಿಸಿನವರು ಮುಂದಿನ ವಾರ ಬರುತ್ತಾರೆ.