ಸೆರುಸೈಟ್ ಹರಳಿಗೆ ಗಾಲೆನಾ ಹೊದಿಕೆ

ಮಾರ್ಚ್ 12, 2024, ಮಂಗಳವಾರ

ಇವತ್ತು, ಅದಿರಿನ ಪುಡಿಯನ್ನು ನೀರಲ್ಲಿ ಕಲಕಿ ಬೇಕಾದ ಖನಿಜವನ್ನು ಗಾಳಿಗುಳ್ಳೆಯ ನೊರೆಯಲ್ಲಿ ತೇಲಿಸಿ ತೆಗೆಯುವ ಸೆಲ್‌ನಲ್ಲಿದ್ದದ್ದು ಸೆರುಸೈಟ್ ಅದಿರು. ಸೀಸದ ಗಣಿಯ ಮೇಲ್ಪದರದಲ್ಲಿ ಗಾಲೆನಾ ಅಂದರೆ ಸೀಸದ ಸಲ್ಫೈಡ್ ಗಾಳಿ, ನೀರಿಗೆ ಸಿಕ್ಕಿ ಆಂಗ್ಲಿಸೈಟ್ ಅಂದರೆ ಸಲ್ಫೇಟ್, ಆಮೇಲೆ ಸೆರುಸೈಟ್ ಅಂದರೆ ಕಾರ್ಬೊನೇಟ್ ಆಗಿರುತ್ತದೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್, ನಮೀಬಿಯಾದ ತ್ಸುಮೇಬ್ ಎರಡೂ ಇದಕ್ಕೆ ಹೆಸರಾದವು. ಸೀಸವೇನೋ 77 ಪ್ರತಿಶತಕ್ಕೂ ಹೆಚ್ಚು. ಆದರೆ ಇದರ ಮೇಲೆ, ಹರಳನ್ನು ಗುಳ್ಳೆಗೆ ಅಂಟಿಸುವ ಕೆಮಿಕಲ್ ಆದ ಝಾಂತೇಟ್ ಪದರ ಕೂತರೂ ನಿಲ್ಲದೆ ಕಳಚಿಕೊಳ್ಳುತ್ತದೆ. ಕೆಮಿಕಲ್ ಸುಮ್ಮನೆ ಖರ್ಚಾಗಿ, ಹರಳು ತಳದಲ್ಲೇ ಉಳಿಯುತ್ತದೆ. ಅದಕ್ಕೇ ಮೊದಲು ಸೋಡಿಯಂ ಸಲ್ಫೈಡ್ ಹಾಕಿ ಹರಳಿನ ಮೈಯನ್ನು ಗಾಲೆನಾ ಮಾಡುವುದು, ಅದರ ಮೇಲೆ ಝಾಂತೇಟ್ ನಿಲ್ಲುತ್ತದೆ.

5 ಪ್ರತಿಶತ ಸೀಸವಿರುವ ಒಂದು ಟನ್ ಅದಿರಿನ ಸೆರುಸೈಟನ್ನು ಪೂರ್ತಿ ಗಾಲೆನಾ ಮಾಡಲು ಲೆಕ್ಕದ ಪ್ರಕಾರ ಸುಮಾರು 19 ಕೆಜಿ ಸಲ್ಫೈಡ್ ಬೇಕು. ಇಲ್ಲಿ ಹಾಕಿದ್ದು 2 ಕೆಜಿ ಲೆಕ್ಕದಲ್ಲಿ. ತೊಗಟೆಯಷ್ಟು ಬದಲಾದರೆ ಸಾಕು.

500 ಗ್ರಾಂ ಅದಿರಿಗೆ ಶುದ್ಧ ಸಲ್ಫೈಡ್ 1 ಗ್ರಾಂ. ಡ್ರಮ್ಮಿನ ಚಕ್ಕೆಯಲ್ಲಿ ಸುಮಾರು 60 ಪ್ರತಿಶತ ಮಾತ್ರ ಸಲ್ಫೈಡ್, ಹಾಗಾಗಿ 83 ಗ್ರಾಂ ಚಕ್ಕೆ ಕರಗಿಸಿ 1 ಲೀಟರ್ ಮಾಡಿ, ಅದರಲ್ಲಿ 20 ಮಿಲಿ. ದ್ರಾವಣ ದಿನಾ ಹೊಸದಾಗಿಯೇ ಆಗಬೇಕು. ನಿನ್ನೆಯದು ಗಾಳಿಗೆ ಥಯೋಸಲ್ಫೇಟ್ ಆಗಿ ಸತ್ವ ಕಳೆದುಕೊಂಡಿರುತ್ತದೆ. ಡ್ರಮ್ಮಿನ ಮುಚ್ಚಳ ಸಡಿಲವಿದ್ದರೆ ಚಕ್ಕೆಯೂ ಹಾಗೇ.

20 ಮಿಲಿ ಒಂದೇ ಸಲ ಸುರಿಯಬಾರದು. 10, 5, 5. ಪ್ರತಿ ಸಲವೂ ಗಾಳಿಯ ವಾಲ್ವ್ ಮುಚ್ಚಿ ಮೂರು ನಿಮಿಷ ಕಲಕುವುದು, ಆಮೇಲೆ ಅಮೈಲ್ ಝಾಂತೇಟ್, ಆಮೇಲೆ ಗಾಳಿ ಬಿಟ್ಟು ನೊರೆ ಎಳೆಯುವುದು. ಝಾಂತೇಟ್ ಒಟ್ಟು ಟನ್ನಿಗೆ 100 ಗ್ರಾಂ, ಅಂದರೆ 1 ಪ್ರತಿಶತ ದ್ರಾವಣ 5 ಮಿಲಿ. ಸಲ್ಫೈಡ್ ಒಗ್ಗರಣೆಯ ಇಂಗಿನ ಹಾಗೆ, ವಾಸನೆಯಲ್ಲೂ: ಕಡಿಮೆಯಾದರೆ ಕೆಲಸವಾಗದು, ಹೆಚ್ಚಾದರೆ ನೀರಲ್ಲಿ ಉಳಿದ ಸಲ್ಫೈಡ್ ಝಾಂತೇಟಿಗೆ ಜಾಗ ಕೊಡದೆ ನೊರೆ ಬೋಳಾಗುತ್ತದೆ.

ಇದನ್ನು ಹಿಡಿಯಲು, ನೀರಲ್ಲಿರುವ ಸಲ್ಫೈಡನ್ನು ವೋಲ್ಟೇಜಿನಲ್ಲಿ ತೋರಿಸುವ ಸಿಲ್ವರ್ ಸಲ್ಫೈಡ್ ಎಲೆಕ್ಟ್ರೋಡ್ ಇಟ್ಟಿರಬೇಕು. ಸಲ್ಫೈಡ್ ಬಿದ್ದೊಡನೆ ಅದರ ಮೀಟರಿನ ಮುಳ್ಳು ದಡಕ್ಕನೆ ಮೈನಸ್ ಕಡೆ ಇಳಿಯುತ್ತದೆ. ಹರಳು ಹೀರಿಕೊಂಡಂತೆ ನಿಧಾನ ಏರುತ್ತದೆ. ಮೈನಸ್ 500 ಮಿಲಿವೋಲ್ಟ್ ಸುತ್ತಮುತ್ತ ಝಾಂತೇಟ್ ಹಾಕಿ ಶುರುಮಾಡಿ, ಆ ಅದಿರಿಗೆ ಒಗ್ಗುವ ಅಂಕಿಯನ್ನು ಟ್ರಯಲ್‌ನಲ್ಲಿ ಹುಡುಕಿಕೊಳ್ಳುವುದು. ಟನ್ನಿಗೆ ಇಷ್ಟು ಕೆಜಿ ಅನ್ನುವ ಲೆಕ್ಕಕ್ಕಿಂತ ಈ ಮುಳ್ಳನ್ನೇ ಹೆಚ್ಚು ನಂಬಬೇಕು. ಲೆನ್ಸಿನಡಿ ಬೂದುಬಿಳಿ ಹರಳಿನ ಅಂಚು ಮೊದಲು ಕಂದು, ಆಮೇಲೆ ಕಪ್ಪಾಗುವುದು ಕಾಣುತ್ತದೆ. ಜೋರಾಗಿ, ತುಂಬ ಹೊತ್ತು ಕಲಕಿದರೆ ಅದೇ ಕಪ್ಪು ಸಿಪ್ಪೆ ಸುಲಿದು ಹೋಗುತ್ತದೆ.

ಆಂಗ್ಲಿಸೈಟ್ ಇನ್ನೂ ಮೊಂಡು. ಹೆಚ್ಚು ಕರಗುವುದರಿಂದ ಸಲ್ಫೈಡನ್ನು ನೀರಲ್ಲೇ ತಿಂದುಹಾಕುತ್ತದೆ, ಹೊದಿಕೆಯೂ ಸಡಿಲ.

ಅರೆಯುವಾಗಲೂ ಎಚ್ಚರ. ಸೆರುಸೈಟ್ ಪೆಡಸು, ಜೊತೆಗೆ ಸಾಂದ್ರತೆ 6.5. ಭಾರಕ್ಕೆ, ದಪ್ಪ ಕಣ ನುಣ್ಣನೆ ಕಣ ಬೇರ್ಪಡಿಸುವ ಸೈಕ್ಲೋನಿನ ಕೆಳಬಾಯಿಯಿಂದ ಮತ್ತೆ ಮತ್ತೆ ಮಿಲ್ಲಿಗೆ ಬಂದು ಕೆಸರಾಗುತ್ತದೆ. ಕೆಸರು ಬಹಳವಿದ್ದರೆ ಅದನ್ನು ಚದುರಿಸಲು ಸೋಡಿಯಂ ಸಿಲಿಕೇಟ್.

ಪಿಎಚ್ 9ರಿಂದ 10ರ ಮಧ್ಯೆ. ಅಲ್ಲಿಗೆ ಆಮ್ಲ ಬಿದ್ದು 7ರ ಹತ್ತಿರ ಇಳಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ. ಹೆಚ್ಚಾದಾಗ ಮೂಗೇ ಸತ್ತಿರುತ್ತದೆ. ಗ್ಯಾಸ್ ಮೀಟರ್ ಕೊರಳಲ್ಲಿರಲಿ.

ಗಾಲೆನಾ ಬೆರೆತ ಅದಿರಾದರೆ ಅದನ್ನು ಸಲ್ಫೈಡ್ ಸೋಕಿಸದೆ ಮೊದಲೇ ತೇಲಿಸಿಕೊಳ್ಳುವುದು. ಟೇಲಿಂಗ್ಸ್ ಅಂದರೆ ತೇಲದೆ ಉಳಿದ ಕೆಸರಿನ ನೀರನ್ನು ಆ ಮೊದಲ ಸೆಲ್ಲಿಗೆ ನೇರ ತಿರುಗಿಸಿದರೆ ಉಳಿಕೆ ಸಲ್ಫೈಡ್ ಗಾಲೆನಾವನ್ನೂ ಮುಳುಗಿಸುತ್ತದೆ. ಆ ಸಲ್ಫೈಡ್ ಸತ್ವ ಕಳೆದುಕೊಳ್ಳಲೆಂದು ನಾಳೆಯ ನೀರಿಗೆ ಈಗಲೇ ಗಾಳಿ ಹಚ್ಚಿಟ್ಟಿದೆ.