ಸವೆತವಲ್ಲದ ಸವೆತ

ಕಳೆದ ತಿಂಗಳು ಅವೆನ್ಯೂ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ, ಹಳೆಯ ತಾಮ್ರದ ಕಾಸುಗಳನ್ನು ರಾಶಿ ಹಾಕಿದ್ದ ತಟ್ಟೆಯೊಳಗೆ, ಐದನೆಯ ಜಾರ್ಜ್ ದೊರೆಯ 1912ರ ಪೆನ್ನಿಯೊಂದು ಕಣ್ಣಿಗೆ ಬಿತ್ತು. ಇಸವಿಯ ಎಡಕ್ಕೆ ಪುಟ್ಟದೊಂದು ‘ಎಚ್’ ಅಕ್ಷರವಿತ್ತು. ಅಂದರೆ ಅದು ಲಂಡನ್ನಿನ ರಾಯಲ್ ಮಿಂಟಿನದಲ್ಲ, ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಅಂಗಡಿಯ ಹಿರಿಯರು ಅದನ್ನು ಮಗುಚಿ, ತ್ರಿಶೂಲ ಹಿಡಿದು ಕುಳಿತ, ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾಳ ಮೇಲೆ ಬೆರಳಿಟ್ಟು, “ಇದು ಪೂರ್ತಿ ಸವೆದೋಗಿದೆ ಸಾರ್, ಎದೆ ಹತ್ರ ಏನೂ ಉಳಿದಿಲ್ಲ ನೋಡಿ. ಏನಾದ್ರೂ ಕೊಟ್ಟು ತಗೊಂಡ್ಹೋಗಿ” ಎಂದರು. ನಾನು ವಾದಿಸಲಿಲ್ಲ. ಆದರೆ ಅವರು ನಿರೀಕ್ಷಿಸಿದ್ದಕ್ಕಿಂತ ತುಸು ಹೆಚ್ಚೇ ಕೊಟ್ಟು ಬಂದೆ, ಏಕೆಂದರೆ ಅದು ಸವೆದಿರಲಿಲ್ಲ.

ಜೇಬಿನಲ್ಲೋ ಗಲ್ಲಾಪೆಟ್ಟಿಗೆಯಲ್ಲೋ ವರ್ಷಗಟ್ಟಲೆ ಉಜ್ಜಾಡಿದ ನಾಣ್ಯ ಎರಡೂ ಬದಿಯಲ್ಲಿ ಸವೆಯುತ್ತದೆ. ಈ ಪೆನ್ನಿಯಲ್ಲಿ ದೊರೆಯ ಕಿವಿಯ ಮೇಲಿನ ಕೂದಲು, ಮೀಸೆಯ ಎಳೆ, ಗಡ್ಡದ ಅಂಚು ಎಲ್ಲವೂ ಸ್ಪಷ್ಟವಾಗಿದ್ದು, ಬ್ರಿಟಾನಿಯಾ ಮಾತ್ರ ಚಪ್ಪಟೆಯಾಗಿದ್ದಳು. ಮನೆಗೆ ತಂದು, ಮೇಜಿನ ದೀಪವನ್ನು ಓರೆಯಾಗಿ ಬಾಗಿಸಿ, ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದಾಗ, ಬ್ರಿಟಾನಿಯಾಳ ಸುತ್ತಲಿನ ಬಯಲಿನಲ್ಲಿ ದೊರೆಯ ತಲೆಯ ಹೊರರೇಖೆ ನೆರಳಿನಂತೆ ಮೂಡಿರುವುದೂ ಕಂಡಿತು. ಸಂಗ್ರಾಹಕರು ಇದನ್ನು ‘ಘೋಸ್ಟಿಂಗ್’ ಎನ್ನುತ್ತಾರೆ. ಬರ್ಟ್ರಾಮ್ ಮೆಕೆನಲ್ ರೂಪಿಸಿದ ದೊರೆಯ ತಲೆ ನಾಣ್ಯದ ಅಗಲಕ್ಕೆ ದೊಡ್ಡದಾಯಿತು. ಒತ್ತುವ ಹೊಡೆತ ಬಿದ್ದಾಗ ಬಿಲ್ಲೆಯ ಲೋಹವೆಲ್ಲ ಆ ತಲೆಯ ಹಳ್ಳ ತುಂಬಲು ಹರಿದುಹೋಗಿ, ಬೆನ್ನಿಗೆ ಬೆನ್ನಾಗಿದ್ದ ಬ್ರಿಟಾನಿಯಾಳ ಪಾಲಿಗೆ ಸಾಲದೇ ಬರುತ್ತಿತ್ತು. 1926ರಲ್ಲಿ ತಲೆಯನ್ನು ತಿದ್ದಿ, 1928ರಲ್ಲಿ ಅದನ್ನು ಚಿಕ್ಕದು ಮಾಡಿದ ಮೇಲೆಯೇ ಈ ತೊಂದರೆ ತಪ್ಪಿದ್ದು. ನನ್ನ ಕೈಯಲ್ಲಿದ್ದ ಬ್ರಿಟಾನಿಯಾ ಟಂಕಸಾಲೆಯಿಂದ ಹೊರಟ ದಿನವೂ ಹೆಚ್ಚುಕಡಿಮೆ ಹೀಗೆಯೇ ಇದ್ದಿರಬೇಕು.

ನಾಣ್ಯದ ದರ್ಜೆ ನಿರ್ಧರಿಸುವಾಗ ‘ಎಷ್ಟು ಹೋಗಿದೆ’ ಎಂದು ಕೇಳುವ ಮೊದಲು ‘ಹುಟ್ಟುವಾಗ ಎಷ್ಟಿತ್ತು’ ಎಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಇಂಥ ಪೆನ್ನಿಗಳಿಂದಲೇ. ಅಮೆರಿಕನ್ನರು ವಿಲಿಯಂ ಶೆಲ್ಡನ್ 1949ರಲ್ಲಿ ಹಾಕಿಕೊಟ್ಟ ಎಪ್ಪತ್ತು ಅಂಕಗಳ ಅಳತೆಯಲ್ಲಿ ಲೆಕ್ಕ ಹೇಳುತ್ತಾರೆ. ಬ್ರಿಟನ್ನಿನವರು ಇಂದಿಗೂ ಹೆಚ್ಚಾಗಿ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ ಎಂಬ ಮಾತುಗಳನ್ನೇ ಬಳಸುತ್ತಾರೆ. ಫೈನ್‌ಗಿಂತ ಕೆಳಗೆ ‘ಗುಡ್’ ಎಂಬುದೊಂದಿದೆ; ನಮ್ಮಲ್ಲಿ ಸಂಬಂಧ ಕುದುರಿಸುವವರು ಬೇರೇನೂ ಹೇಳಲು ತೋಚದಿದ್ದಾಗ “ಹುಡುಗ ಒಳ್ಳೆಯವನು” ಎನ್ನುವಷ್ಟೇ ಅರ್ಥ ಅದಕ್ಕೆ.

ಬರ್ಮಿಂಗ್‌ಹ್ಯಾಮಿನ ಸೋಹೋದಲ್ಲಿ ಮ್ಯಾಥ್ಯೂ ಬೋಲ್ಟನ್ ಹಬೆಯಂತ್ರದಿಂದ ಅಚ್ಚೊತ್ತಿದ 1797ರ ಪೆನ್ನಿಯಲ್ಲಿ ಈ ಪ್ರಶ್ನೆ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಸರಿಯಾಗಿ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಗುವ ಈ ದಪ್ಪ ತಾಮ್ರದ ಬಿಲ್ಲೆಗೆ ಗಾಡಿಚಕ್ರದ ಪಟ್ಟಿಯಂತೆ ಅಗಲವಾದ, ಎತ್ತರದ ಅಂಚಿದೆ. ‘ಕಾರ್ಟ್‌ವ್ಹೀಲ್’ ಎಂಬ ಹೆಸರು ಬಂದದ್ದೂ ಅದರಿಂದಲೇ. ಅಕ್ಷರಗಳು ಉಬ್ಬಿಲ್ಲ, ಆ ಅಂಚಿನೊಳಕ್ಕೆ ಕೊರೆದಂತೆ ತಗ್ಗಿವೆ. ಅಂಚು ತಾನು ಪೆಟ್ಟು ತಿಂದು ಒಳಗಿನ ಚಿತ್ರವನ್ನು ಕಾಯುತ್ತದೆ. ಆದ್ದರಿಂದ ಬರಹ ಚೆನ್ನಾಗಿ ಓದಲು ಬರುತ್ತದೆಂಬ ಮಾತ್ರಕ್ಕೆ ಮೇಲಿನ ದರ್ಜೆ ಕೊಡುವಂತಿಲ್ಲ, ಅಂಚು ಜಜ್ಜಿದೆಯೆಂಬ ಮಾತ್ರಕ್ಕೆ ತಳ್ಳಿಹಾಕುವಂತೆಯೂ ಇಲ್ಲ. ನಾನು ಮೊದಲು ನೋಡುವುದು ಇದರಲ್ಲಿರುವ ಮೂರನೆಯ ಜಾರ್ಜ್ ದೊರೆಯ ತಲೆಯ ಮೇಲಿನ ಎಲೆಗಳ ನರಗಳನ್ನು.

ವ್ಯಾಪಾರಿಗಳ ಟೋಕನ್ನುಗಳ ವಿಚಾರಕ್ಕೆ ಬಂದರೆ ಯಾವ ಪಟ್ಟಿಯೂ ನೆಟ್ಟಗೆ ನಿಲ್ಲುವುದಿಲ್ಲ, ನನಗೆ ಅವು ಇಷ್ಟವಾಗುವುದೂ ಅದಕ್ಕೇ. 1775ರ ಬಳಿಕ ರಾಯಲ್ ಮಿಂಟ್ ತಾಮ್ರದ ಚಿಲ್ಲರೆ ಹೊರಡಿಸುವುದನ್ನು ನಿಲ್ಲಿಸಿತು. ಸಂತೆಯಲ್ಲಿ ಓಡಾಡುತ್ತಿದ್ದದ್ದು ಬಹುಪಾಲು ಖೋಟಾ ಕಾಸು. ಕೂಲಿ ಬಟವಾಡೆಗೆ ಪುಡಿಗಾಸಿಲ್ಲದೆ ಪರದಾಡಿದ ಧಣಿಗಳು ತಾವೇ ಬಿಲ್ಲೆ ಅಚ್ಚುಹಾಕಿಸಿದರು. ವೇಲ್ಸಿನ ಆಂಗಲ್ಸಿ ದ್ವೀಪದ ಪ್ಯಾರಿಸ್ (Parys) ತಾಮ್ರದ ಗಣಿ 1787ರಲ್ಲಿ ಹೊರಡಿಸಿದ ಪೆನ್ನಿಯ ಮೇಲೆ, ಓಕ್ ಎಲೆಗಳ ಮಾಲೆಯ ನಡುವೆ, ಮುಸುಕು ಹೊದ್ದ ಗಡ್ಡದ ಡ್ರೂಯಿಡ್ ಪುರೋಹಿತನಿದ್ದಾನೆ. ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆಂಬ ಮಾತು ಹಿಂಬದಿಯಲ್ಲಿದೆ, ಎಲ್ಲಿ ಕೊಡುತ್ತೇವೆಂಬುದು ದಪ್ಪದಂಚಿನ ಮೇಲಿದೆ. ಮುಂದಿನ ಹತ್ತು ವರ್ಷ ಊರೂರಿನ ವರ್ತಕರು ಇದನ್ನೇ ಅನುಸರಿಸಿದರು. ಕೆಲವರ ಅಚ್ಚು ಅಚ್ಚುಕಟ್ಟು, ಕೆಲವರದು ಬಿರುಕು ಬಿಟ್ಟದ್ದು, ಇನ್ನು ಕೆಲವರದು ಒಂದು ಬದಿಗೆ ಜಾರಿದ್ದು. ಬಿರುಕು ಬಿಟ್ಟ ಅಚ್ಚಿನಿಂದ ಬಂದ ಗೆರೆಯನ್ನು ಗೀರು ಎಂದುಕೊಂಡು ದರ್ಜೆ ಇಳಿಸಿ ಮಾರುವವರನ್ನು ನಾನು ಕಂಡಿದ್ದೇನೆ. ಗೀರು ಲೋಹದಲ್ಲಿ ತಗ್ಗಾಗಿರುತ್ತದೆ, ಅಚ್ಚಿನ ಬಿರುಕು ಉಬ್ಬಾಗಿರುತ್ತದೆ. ಆ ಕಾಲದಲ್ಲೇ ಸಂಗ್ರಾಹಕರ ಹುಚ್ಚನ್ನು ಅರಿತ ತಯಾರಕರು ಒಬ್ಬರ ಮುಖಕ್ಕೆ ಇನ್ನೊಬ್ಬರ ಬೆನ್ನು ಸೇರಿಸಿ ಹೊಸ ‘ಅಪರೂಪ’ಗಳನ್ನು ಹುಟ್ಟಿಸಿ ಮಾರಿದರು. ಅವು ಪೇಟೆಯ ಮುಖವನ್ನೇ ಕಂಡಿರದ ಕಾರಣ ಇಂದಿಗೂ ಹೊಸದರಂತಿರುತ್ತವೆ. ದರ್ಜೆ ಎತ್ತರದ್ದು, ನನ್ನ ಮಟ್ಟಿಗೆ ಸ್ವಾರಸ್ಯ ಕಡಿಮೆ.

ಇಷ್ಟೆಲ್ಲ ಹೇಳುವ ನಾನು ಕಾಲೇಜು ದಿನಗಳಲ್ಲಿ ಮಾಡಿದ ಕೆಲಸವನ್ನೂ ಹೇಳಬೇಕು. ಬಸವನಗುಡಿಯ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಅಮ್ಮ ತಾಮ್ರದ ಚೊಂಬು, ಪಂಚಪಾತ್ರೆ, ಉದ್ಧರಣೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಅದೇ ಬಟ್ಟಲಿಗೆ ನಾನು ವಿಕ್ಟೋರಿಯಾ ರಾಣಿಯ 1862ರ ಪೆನ್ನಿಯನ್ನು ಇಳಿಬಿಟ್ಟೆ. ಕೂದಲನ್ನು ಗಂಟು ಕಟ್ಟಿದ ರಾಣಿಯ ಆ ಪೆನ್ನಿ 1860ರಿಂದ ಬಂದ ಕಂಚಿನದು, ನೂರಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ಎರಡು ನಿಮಿಷದಲ್ಲಿ ಚಾಕೊಲೇಟಿನ ಕಂದು ಹೋಗಿ ಹಸಿ ಗುಲಾಬಿ ಬಣ್ಣ ಬಂತು. ಅಮ್ಮ “ಎಷ್ಟು ಚೆನ್ನಾಗಾಯ್ತು ನೋಡು” ಎಂದಳು, ನಾನೂ ಹಿಗ್ಗಿದೆ. ಕಿಲುಬು ಲೋಹವನ್ನು ತಿನ್ನುತ್ತದೆ, ಆದರೆ ಆ ಕಂದು ಪದರ ಲೋಹವನ್ನು ಕಾಯುತ್ತದೆ ಎಂಬ ವ್ಯತ್ಯಾಸ ಆಗ ತಿಳಿದಿರಲಿಲ್ಲ. ಹುಳಿ ಕಂದು ಪದರದೊಂದಿಗೆ ಮೇಲ್ಮೈಯ ನವಿರಾದ ಹೊಳಪನ್ನೂ ತೆಗೆದುಬಿಡುತ್ತದೆ. ಈಗ ಆ ಪೆನ್ನಿ ಅಲ್ಲಲ್ಲಿ ಕಪ್ಪಿಟ್ಟು, ಅಲ್ಲಲ್ಲಿ ಬಿಳಿಚಿಕೊಂಡು ಕುಳಿತಿದೆ. ಕೂದಲ ಎಳೆಗಳನ್ನು ಎಣಿಸಿದರೆ ವೆರಿ ಫೈನ್, ಆದರೂ ಅರಿತವರು ಯಾರೂ ಆ ಬೆಲೆ ಕೊಡರು.

ನನ್ನ ಪೆಟ್ಟಿಗೆಯಲ್ಲಿ ದರ್ಜೆಗೆ ಸಿಕ್ಕದ ಇನ್ನೊಂದು ನಾಣ್ಯವಿದೆ. ಮದರಾಸು ಪ್ರಾಂತ್ಯದ ಬಳಕೆಗೆಂದು ಬೋಲ್ಟನ್ನನ ಸೋಹೋದಲ್ಲೇ ಅಚ್ಚಾದ, ಈಸ್ಟ್ ಇಂಡಿಯಾ ಕಂಪನಿಯ 1808ರ ಹತ್ತು ಕಾಸು. ಒಂದು ಬದಿಯಲ್ಲಿ ಕಂಪನಿಯ ಲಾಂಛನ, ಇನ್ನೊಂದರಲ್ಲಿ ಪಾರ್ಸಿ ಬರಹ. ಅದನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಕರಾವಳಿಯಾಚೆ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗಿ, ಪೀಪಾಯಿಗಳಲ್ಲಿದ್ದ ಕಾಸು 1980ರ ದಶಕದಲ್ಲಿ ಮೇಲೆ ಬಂತು. ಮದರಾಸು ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ದಂಡಿಗೆ ಬಂದು ನೆಲೆಸಿದ್ದೂ ಅದೇ 1809ರಲ್ಲಿ. ಹಡಗು ದಡ ಮುಟ್ಟಿದ್ದರೆ ಈ ಕಾಸು ದಂಡಿನ ಯಾವನೋ ಸಿಪಾಯಿಯ ಕೈಗೆ ಸಿಕ್ಕು ಹಲಸೂರಿನ ಪೇಟೆಯಲ್ಲಿ ಖರ್ಚಾಗಬಹುದಿತ್ತು; ಈಗ ಅದು ಅಂಚೆಯಲ್ಲಿ ನನ್ನ ಮನೆಗೆ ಬಂದಿದೆ. ಯಾರ ಜೇಬನ್ನೂ ಕಂಡಿಲ್ಲವಾದ್ದರಿಂದ ಸವೆತವೆಂಬುದು ಒಂದಿಷ್ಟೂ ಇಲ್ಲ, ಆದರೆ ಉಪ್ಪುನೀರು ತಿಂದ ಸಣ್ಣ ಸಣ್ಣ ಗುಳಿಗಳು ಮೈತುಂಬ ಇವೆ. ಅದರ ಕಾಗದದ ಲಕೋಟೆಯ ಮೇಲೆ ದರ್ಜೆಯ ಜಾಗದಲ್ಲಿ ನಾನು ಪೆನ್ಸಿಲಿನಿಂದ ಬರೆದಿರುವುದು ಎರಡೇ ಪದ: ‘ಸಮುದ್ರ ತಿಂದದ್ದು’.